ಎಣಿಸುವ ಮೊದಲು ಲೇಖನ ತೆರೆದು ನೋಡಿ: ಒಂದು ವಿಷವಿಜ್ಞಾನ ಜರ್ನಲ್‌ನ ಸೈಟೇಷನ್ ಲೆಕ್ಕ

ಪ್ರಶ್ನೆ: ನಾನು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಡಿಸರ್ಟೇಷನ್‌ಗೆ ‘ಫುಡ್ ಅಂಡ್ ಕೆಮಿಕಲ್ ಟಾಕ್ಸಿಕಾಲಜಿ’ ಜರ್ನಲ್‌ನ ಬಿಬ್ಲಿಯೊಮೆಟ್ರಿಕ್ ಅಧ್ಯಯನ (ಲೇಖನ, ಸೈಟೇಷನ್‌ಗಳನ್ನು ಎಣಿಸಿ ಮಾಡುವ ಅಧ್ಯಯನ) ಮಾಡಲು ಗೈಡ್ ಹೇಳಿದ್ದಾರೆ. ನಮ್ಮ ಲೈಬ್ರರಿಯಲ್ಲಿ ಸ್ಕೋಪಸ್ ಎಂಬ ಸೈಟೇಷನ್ ಡೇಟಾಬೇಸ್ ಇಲ್ಲ. ಸ್ನೇಹಿತೆಯ ವಿಶ್ವವಿದ್ಯಾಲಯದಿಂದ ಸ್ಕೋಪಸ್ ಡೇಟಾ ತಂದು ವಿಒಎಸ್‌ವ್ಯೂವರ್ ಎಂಬ ಸಾಫ್ಟ್‌ವೇರ್‌ನಲ್ಲಿ ನಕ್ಷೆ ಮಾಡಿದ್ದೇನೆ. ಈಗ ಕೆಲವು ವಿಷಯ ಅರ್ಥವಾಗುತ್ತಿಲ್ಲ. ಅತಿ ಹೆಚ್ಚು ಬರೆದ ಲೇಖಕರ ಪಟ್ಟಿಯಲ್ಲಿ ಮೇಲಿನ ಹೆಸರುಗಳೆಲ್ಲ ಒಂದೇ ತಂಡದವು. ಇಂಪ್ಯಾಕ್ಟ್ ಫ್ಯಾಕ್ಟರ್ ಏರಿ ಮತ್ತೆ ಇಳಿದಿದೆ. ಜರ್ನಲ್ ವಾಪಸ್ ಪಡೆದ ಒಂದು ಲೇಖನಕ್ಕೆ ಭಾರೀ ಸೈಟೇಷನ್ ಇದೆ. ಸಂಶೋಧನೆ ಯಾವ ಕಡೆ ಹೋಗುತ್ತಿದೆ ಅಂತ ಹೇಗೆ ಬರೆಯುವುದು? ಹೆಚ್ಚು ಸೈಟೇಷನ್ ಬಂದದ್ದೇ ಉತ್ತಮ ಸಂಶೋಧನೆ ಅಂತ ಹೇಳಬಹುದಾ? ಪಿಯುಸಿ ನಂತರ ನಾನು ವಿಜ್ಞಾನ ಓದಿಲ್ಲ.

ಉತ್ತರ: ನಿಮ್ಮ ಮುಖ್ಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹಾಗೆ ಬರೆಯಬೇಡಿ. ಸೈಟೇಷನ್ ಹೇಳುವುದು ಇಷ್ಟೇ: ಈ ಲೇಖನವನ್ನು ಇಷ್ಟು ಲೇಖನಗಳು ತಮ್ಮ ಕೊನೆಯ ಪಟ್ಟಿಯಲ್ಲಿ ಸೇರಿಸಿಕೊಂಡಿವೆ. ಒಪ್ಪಿ ಸೇರಿಸಿದರೋ, ಬೈಯಲು ಸೇರಿಸಿದರೋ, ಓದದೇ ಸುಮ್ನೆ ಸೇರಿಸಿದರೋ, ಆ ಸಂಖ್ಯೆ ನೋಡಿ ತಿಳಿಯುವುದಿಲ್ಲ. ವಿಷವಿಜ್ಞಾನದಲ್ಲಿ ಇನ್ನೊಂದು ತೊಡಕೂ ಇದೆ. ಇಲ್ಲಿನ ಲೇಖನಗಳನ್ನು ಅತಿ ಹೆಚ್ಚು ಬಳಸುವವರು ಎಷ್ಟೋ ಸಲ ಸೈಟೇಷನ್ ಎಣಿಕೆಯ ಹೊರಗಿರುತ್ತಾರೆ. ಅದನ್ನು ಮುಂದೆ ಹೇಳುತ್ತೇನೆ.

ಗೈಡ್ ಕೊಟ್ಟಿರುವ ಜರ್ನಲ್ ಮಾತ್ರ ಬಹಳ ಚೆನ್ನಾಗಿದೆ. ಬಿಬ್ಲಿಯೊಮೆಟ್ರಿಕ್ಸ್‌ನಲ್ಲಿ ಎಡವುವ ಜಾಗಗಳೆಲ್ಲ ಇದೊಂದರಲ್ಲೇ ಸಿಗುತ್ತವೆ. ವಿಜ್ಞಾನ ಓದಿಲ್ಲ ಅಂತ ಹೆದರಬೇಕಾಗಿಲ್ಲ. ಸಾಫ್ಟ್‌ವೇರ್ ಕೊಟ್ಟ ಪಟ್ಟಿಯನ್ನು ನಂಬುವ ಮೊದಲು ಅದರಲ್ಲಿರುವ ಹತ್ತಿಪ್ಪತ್ತು ಲೇಖನಗಳನ್ನು ತೆರೆದು ನೋಡುವ ಅಭ್ಯಾಸ ಇದ್ದರೆ ಅರ್ಧ ಕೆಲಸ ಆದಂತೆ.

ಮೊದಲು ನಿಮ್ಮ ಡೇಟಾ ಯಾವ ವರ್ಷದಿಂದ ಶುರುವಾಗಿದೆ ನೋಡಿ. 1982 ಅಂತ ಇದ್ದರೆ ಒಂದು ದೊಡ್ಡ ತುಂಡು ಬಿಟ್ಟುಹೋಗಿದೆ. ಈ ಜರ್ನಲ್ ಹುಟ್ಟಿದ್ದು 1963ರಲ್ಲಿ, ಬ್ರಿಟನ್ನಿನಲ್ಲಿ. ಆಗ ಅದರ ಹೆಸರು ‘ಫುಡ್ ಅಂಡ್ ಕಾಸ್ಮೆಟಿಕ್ಸ್ ಟಾಕ್ಸಿಕಾಲಜಿ’. ಬಿಬ್ರಾ ಎಂಬ ಸಂಸ್ಥೆ ಅದರ ಹಿಂದಿತ್ತು. ಉದ್ಯಮಗಳಿಗೆ ಬೇಕಾದ ಜೀವವಿಜ್ಞಾನ ಸಂಶೋಧನೆಗೆಂದೇ ಕಟ್ಟಿದ ಸಂಸ್ಥೆ ಅದು. ಅದರ ಮೊದಲ ನಿರ್ದೇಶಕ ಲಿಯಾನ್ ಗೋಲ್ಬರ್ಗ್ ಈ ಜರ್ನಲ್ ಶುರುಮಾಡಿದರು. 1982ರಲ್ಲಿ 20ನೇ ಸಂಪುಟದಿಂದ ಈಗಿನ ಹೆಸರು ಬಂತು. ಸಂಪುಟದ ಲೆಕ್ಕ ಮುಂದುವರಿಯಿತು, ಆದರೆ ಡೇಟಾಬೇಸ್‌ನಲ್ಲಿ ಎರಡು ಬೇರೆ ಹೆಸರು. ಈಗಿನ ಹೆಸರಿನಲ್ಲಿ ಮಾತ್ರ ಹುಡುಕಿದರೆ ಮೊದಲ 19 ವರ್ಷ ಸಿಗುವುದಿಲ್ಲ. ಪೂರ್ತಿ ಇತಿಹಾಸ ಬೇಡ ಅಂದರೆ ಪರವಾಗಿಲ್ಲ, ಆದರೆ ‘ಜರ್ನಲ್ ಆರಂಭದಿಂದ’ ಅಂತ ಶೀರ್ಷಿಕೆಯಲ್ಲಿ ಹಾಕಬೇಡಿ.

ಈಗ ಲೇಖಕರ ಪಟ್ಟಿಗೆ ಬರೋಣ. ಆ ಹೆಸರುಗಳ ಲೇಖನಗಳನ್ನು ತೆರೆದು ನೋಡಿದರೆ ಶೀರ್ಷಿಕೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ‘ರಿಫ್ಮ್ ಸುಗಂಧ ಪದಾರ್ಥದ ಸುರಕ್ಷತಾ ಮೌಲ್ಯಮಾಪನ’ ಎಂಬ ಅರ್ಥದ ಒಂದು ಸಾಲು, ಆಮೇಲೆ ಒಂದು ರಾಸಾಯನಿಕದ ಹೆಸರು, ಆಮೇಲೆ ಅದರ ನೋಂದಣಿ ಸಂಖ್ಯೆ. ರಿಫ್ಮ್ ಅಂದರೆ ಸುಗಂಧ ಉದ್ಯಮದವರು 1966ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ಸಂಶೋಧನಾ ಸಂಸ್ಥೆ. ಸೋಪು, ಶಾಂಪೂ, ಪೌಡರ್, ಸೆಂಟುಗಳಿಗೆ ಹಾಕುವ ಒಂದೊಂದು ಪರಿಮಳದ ರಾಸಾಯನಿಕಕ್ಕೂ ಒಂದೊಂದು ವರದಿ ತಯಾರಿಸುವುದು ಅದರ ಕೆಲಸ. ಚರ್ಮಕ್ಕೆ ಅಲರ್ಜಿ ತರುತ್ತದಾ, ಜೀನ್‌ಗಳಿಗೆ ಹಾನಿ ಮಾಡುತ್ತದಾ, ನೀರಿಗೆ ಸೇರಿದರೆ ಏನಾಗುತ್ತದೆ, ಇಷ್ಟನ್ನೂ ಒಂದೇ ಕ್ರಮದಲ್ಲಿ ಬರೆಯುತ್ತಾರೆ. 1970ರ ದಶಕದಲ್ಲಿ ಇಂಥವು ಸಣ್ಣ ಮಾನೋಗ್ರಾಫ್‌ಗಳಾಗಿ (ಒಂದೇ ವಸ್ತುವಿನ ವರದಿಗಳಾಗಿ) ಈ ಜರ್ನಲ್‌ನಲ್ಲೇ ಬರುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ನೂರಾರು ಬಂದಿವೆ, ಎಷ್ಟೋ ಸಲ ವಿಶೇಷ ಪುರವಣಿಯಾಗಿ ಕಟ್ಟು ಕಟ್ಟಾಗಿ.

ಪ್ರತಿ ವರದಿಯಲ್ಲೂ ಹೆಚ್ಚೂಕಡಿಮೆ ಅದೇ ದೊಡ್ಡ ಲೇಖಕರ ಪಟ್ಟಿ ಇರುತ್ತದೆ. ಹಾಗಾಗಿ ನಿಮ್ಮ ‘ಅತಿ ಹೆಚ್ಚು ಬರೆದವರು’ ಕೋಷ್ಟಕ ಅವರಿಂದಲೇ ತುಂಬಿಹೋಗುತ್ತದೆ. ಸಹಲೇಖಕರ ನಕ್ಷೆಯಲ್ಲಿ ನಡುವೆ ಒಂದು ದಟ್ಟ ಗುಂಪು ಕಾಣುತ್ತಿರಬೇಕು, ಅಲ್ವಾ? ಅದು ಇದೇ. ಅದನ್ನು ‘ಈ ಕ್ಷೇತ್ರದಲ್ಲಿ ಸಹಯೋಗ ಬಲವಾಗಿದೆ’ ಅಂತ ಓದಿದರೆ ತಪ್ಪಾಗುತ್ತದೆ. ಒಂದೇ ತಂಡ ಒಂದೇ ಬಗೆಯ ವರದಿಯನ್ನು ಪದೇ ಪದೇ ಬರೆದಿದೆ, ಅಷ್ಟೇ. ಕೆಲವರು ಮಾತ್ರ ಬಹಳ ಬರೆಯುತ್ತಾರೆ, ಹೆಚ್ಚಿನವರು ಒಂದೆರಡೇ ಬರೆಯುತ್ತಾರೆ ಎಂಬ ಲೋಟ್ಕಾ ನಿಯಮ ಹಾಕಿ ನೋಡಿದರೂ ಇದೇ ಗುಂಪು ಲೆಕ್ಕ ಕೆಡಿಸುತ್ತದೆ. ಸೈಟೇಷನ್‌ನಲ್ಲೂ ಅಷ್ಟೇ. ಈ ವರದಿಗಳು ಪರಸ್ಪರ ಉಲ್ಲೇಖಿಸುತ್ತವೆ, ತಮ್ಮ ವಿಧಾನ ವಿವರಿಸುವ ಮೂಲ ಲೇಖನಗಳನ್ನು ಪ್ರತಿ ಸಲ ಉಲ್ಲೇಖಿಸುತ್ತವೆ. ಆ ವಿಧಾನದ ಲೇಖನಗಳಿಗೆ ಸೈಟೇಷನ್ ಗುಡ್ಡೆ ಬೀಳುತ್ತದೆ, ಒಂದೊಂದು ವರದಿಗೆ ಮಾತ್ರ ಹೊರಗಿನಿಂದ ಬರುವುದು ಕಮ್ಮಿ.

ಏನು ಮಾಡಬೇಕು? ಶೀರ್ಷಿಕೆಯಿಂದ ಈ ವರದಿಗಳನ್ನು ಬೇರೆ ಮಾಡುವುದು ಸುಲಭ. ಎಲ್ಲ ಕೋಷ್ಟಕಗಳನ್ನೂ ಎರಡು ಸಲ ಮಾಡಿ, ಒಮ್ಮೆ ಇವನ್ನು ಸೇರಿಸಿ, ಒಮ್ಮೆ ಬಿಟ್ಟು. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಡಿಸರ್ಟೇಷನ್‌ನ ಅತ್ಯುತ್ತಮ ಅಧ್ಯಾಯ ಆಗಬಹುದು.

ಸಂಶೋಧನೆಯ ದಿಕ್ಕು ಹೇಳುವುದಕ್ಕೆ ಕೀವರ್ಡ್ ನಕ್ಷೆ ಮಾಡಿದ್ದೀರಿ. ಒಂದು ಕೇಳುತ್ತೇನೆ: ನಕ್ಷೆಯಲ್ಲಿ ‘ನಾನ್‌ಹ್ಯೂಮನ್’, ‘ಕಂಟ್ರೋಲ್ಡ್ ಸ್ಟಡಿ’, ‘ಪ್ರಯಾರಿಟಿ ಜರ್ನಲ್’ ಎಂಬ ಪದಗಳು ದೊಡ್ಡದಾಗಿ ಬಂದಿವೆಯಾ? ಬಂದಿದ್ದರೆ ನೀವು ಸ್ಕೋಪಸ್‌ನ ಇಂಡೆಕ್ಸ್ ಕೀವರ್ಡ್‌ಗಳನ್ನು ತೆಗೆದುಕೊಂಡಿದ್ದೀರಿ. ಅವು ಡೇಟಾಬೇಸ್‌ನವರು ಹಾಕಿದ ಗುರುತುಗಳು. ಸಂಶೋಧಕರ ಆಸಕ್ತಿ ಅದರಿಂದ ತಿಳಿಯುವುದಿಲ್ಲ. ಲೇಖಕರೇ ಕೊಟ್ಟ ಕೀವರ್ಡ್‌ಗಳನ್ನು ಮಾತ್ರ ತೆಗೆದುಕೊಳ್ಳಿ. ಆಗಲೂ ‘ಆಕ್ಸಿಡೇಟಿವ್ ಸ್ಟ್ರೆಸ್’, ‘ಅಪಾಪ್ಟೋಸಿಸ್’, ‘ಇಲಿ’ ಇವೇ ನಡುವೆ ಕೂತಿರುತ್ತವೆ. ವಿಷವಿಜ್ಞಾನದ ಯಾವ ಜರ್ನಲ್ ತೆಗೆದರೂ ಅವು ಅಲ್ಲಿರುತ್ತವೆ. ಅದನ್ನೊಂದು ಸಂಶೋಧನಾ ಫಲಿತಾಂಶ ಅಂತ ಬರೆದರೆ ವೈವಾದಲ್ಲಿ ಕೂತವರು ನಗುತ್ತಾರೆ.

ಇನ್ನೊಂದು ಮೋಸ ಹಳೆಯ ದಾಖಲೆಗಳಲ್ಲಿದೆ. ಲೇಖಕರು ಕೀವರ್ಡ್ ಕೊಡುವ ಪದ್ಧತಿ ಹರಡಿದ್ದು ನಿಧಾನವಾಗಿ. ಸ್ಕೋಪಸ್‌ನಂಥದೇ ಇನ್ನೊಂದು ಡೇಟಾಬೇಸ್ ಆದ ವೆಬ್ ಆಫ್ ಸೈನ್ಸ್‌ನಲ್ಲಿ ಸಾರಾಂಶ ಮತ್ತು ಲೇಖಕರ ಕೀವರ್ಡ್ ಸಿಗುವುದು 1991ರಿಂದೀಚೆಗೆ. ಸ್ಕೋಪಸ್‌ನಲ್ಲೂ ಹಳೆಯ ದಾಖಲೆಗಳಲ್ಲಿ ಕೀವರ್ಡ್ ಜಾಗ ಖಾಲಿ ಇರುವುದು ಜಾಸ್ತಿ. ಹಾಗಾಗಿ ಗ್ರಾಫ್‌ನಲ್ಲಿ ಯಾವುದೋ ವಿಷಯ 1990ರ ಸುಮಾರಿಗೆ ಇದ್ದಕ್ಕಿದ್ದಂತೆ ಹುಟ್ಟಿದಂತೆ ಕಂಡರೆ ಬೇಗ ನಂಬಬೇಡಿ. ವಿಷಯ ಮೊದಲೂ ಇತ್ತು, ಅದರ ಗುರುತು ಮಾತ್ರ ಇರಲಿಲ್ಲ. ಹಳೆಯ ಕಾಲಕ್ಕೆ ಲೇಖನದ ಶೀರ್ಷಿಕೆಯ ಪದಗಳನ್ನು ಬಳಸಿ. ಮತ್ತೆ, ಲೇಖನಗಳ ಸಂಖ್ಯೆ ಕೊಡಬೇಡಿ, ಆ ವರ್ಷದ ಒಟ್ಟು ಲೇಖನಗಳಲ್ಲಿ ಶೇಕಡಾ ಎಷ್ಟು ಅಂತ ಕೊಡಿ. ಜರ್ನಲ್ ದಪ್ಪವಾದಂತೆ ಎಲ್ಲ ವಿಷಯವೂ ಏರುತ್ತದೆ.

ದಿಕ್ಕಿನ ಕಥೆಯನ್ನು ಸಾಫ್ಟ್‌ವೇರ್ ಹೇಳುವುದಿಲ್ಲ, ನೀವೇ ಹೇಳಬೇಕು. ಆಹಾರ ವಿಷವಿಜ್ಞಾನ ಹೆಚ್ಚಾಗಿ ತನ್ನಷ್ಟಕ್ಕೆ ತಾನೇ ಬೆಳೆದ ಕ್ಷೇತ್ರ ಅಲ್ಲ. ಹೊರಗೆ ಏನೋ ಆಗುತ್ತದೆ, ಕಾನೂನು ಬರುತ್ತದೆ, ಗಲಾಟೆ ಆಗುತ್ತದೆ, ಎರಡು ಮೂರು ವರ್ಷದಲ್ಲಿ ಲೇಖನಗಳ ಅಲೆ ಬರುತ್ತದೆ. ಅಮೆರಿಕ 1958ರಲ್ಲಿ ಆಹಾರದ ಸೇರ್ಪಡೆಗಳ ಬಗ್ಗೆ ಕಾನೂನು ತಂದಿತು. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ಯಾವುದನ್ನೂ ಆಹಾರಕ್ಕೆ ಸೇರಿಸುವಂತಿಲ್ಲ ಎಂಬ ಡೆಲೇನಿ ಷರತ್ತು ಅದರಲ್ಲಿತ್ತು. ಅದರಿಂದಾಗಿ ಬಣ್ಣ, ಸಂರಕ್ಷಕ, ಕೃತಕ ಸಿಹಿ ಎಲ್ಲವನ್ನೂ ಇಲಿಗೆ ತಿನ್ನಿಸಿ ನೋಡುವ ಕಾಲ ಬಂತು. 1969ರಲ್ಲಿ ಸೈಕ್ಲಮೇಟ್ ಎಂಬ ಕೃತಕ ಸಿಹಿಯ ನಿಷೇಧ, 1977ರಲ್ಲಿ ಇನ್ನೊಂದು ಕೃತಕ ಸಿಹಿ ಸ್ಯಾಕರಿನ್ ನಿಷೇಧದ ಪ್ರಸ್ತಾವ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಸಿಕ್ಕಿತು. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಸಂಶೋಧನೆ ಹುಟ್ಟಿದ್ದು ಅಲ್ಲಿಂದ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್, ಒಂದು ವಸ್ತು ಜೀನ್‌ಗಳನ್ನು ಕೆಡಿಸುತ್ತದಾ ಅಂತ ಬ್ಯಾಕ್ಟೀರಿಯಾ ಬಳಸಿ ಅಗ್ಗದಲ್ಲಿ, ಬೇಗ ನೋಡಬಹುದಾದ ಪರೀಕ್ಷೆ ಕೊಟ್ಟರು. ಆಮೇಲೆ ಮಸಾಲೆಯಿಂದ ಹಿಡಿದು ಸುಟ್ಟ ಮಾಂಸದವರೆಗೆ ಎಲ್ಲದಕ್ಕೂ ಆ ಪರೀಕ್ಷೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಅಕ್ರಿಲಮೈಡ್ ಎಂಬ ವಿಷಕಾರಿ ರಾಸಾಯನಿಕದ್ದು. 1997ರಲ್ಲಿ ಸ್ವೀಡನ್ನಿನ ಹಾಲಂಡ್ಸೋಸ್ ಎಂಬಲ್ಲಿ ರೈಲು ಸುರಂಗ ಕೊರೆಯುತ್ತಿದ್ದರು. ನೀರು ಸೋರುವುದನ್ನು ತಡೆಯಲು ಹಾಕಿದ ಅಂಟಿನಿಂದ ಅಕ್ರಿಲಮೈಡ್ ಹೊರಗೆ ಹರಿಯಿತು. ಹೊಳೆಯ ಮೀನು ಸತ್ತವು, ದನಗಳಿಗೆ ಲಕ್ವ ಹೊಡೆಯಿತು. ಕಾರ್ಮಿಕರ ರಕ್ತ ಪರೀಕ್ಷಿಸಿದರು. ಹೋಲಿಕೆಗೆಂದು ಸುರಂಗದ ಹತ್ತಿರವೂ ಹೋಗದ ಜನರ ರಕ್ತ ತೆಗೆದರೆ ಅವರಲ್ಲೂ ಅದರ ಗುರುತು! ಇದೆಲ್ಲಿಂದ ಬಂತು ಅಂತ ಹುಡುಕುತ್ತಾ ಹೋಗಿ, 2002ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಆಹಾರ ಇಲಾಖೆ ಮತ್ತು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಉತ್ತರ ಹೇಳಿದರು. ಆಲೂಗಡ್ಡೆ ಚಿಪ್ಸ್, ಬ್ರೆಡ್ಡು, ಬಿಸ್ಕತ್ತು. ಪಿಷ್ಟ ಇರುವ ಪದಾರ್ಥವನ್ನು ಹೆಚ್ಚು ಶಾಖದಲ್ಲಿ ಕರಿದಾಗ, ಬೇಯಿಸಿದಾಗ ಅದರಲ್ಲಿರುವ ಆಸ್ಪರಜಿನ್ ಎಂಬ ಅಮೈನೊ ಆಮ್ಲ ಸಕ್ಕರೆಯ ಜೊತೆ ಸೇರಿ ಅಕ್ರಿಲಮೈಡ್ ಆಗುತ್ತದೆ. ಮನುಷ್ಯರು ಬೆಂಕಿ ಕಂಡಾಗಿನಿಂದ ತಿನ್ನುತ್ತಿದ್ದ ವಸ್ತು, ಆದರೆ ಸಂಶೋಧನಾ ‘ಟ್ರೆಂಡ್’ ಆಗಿದ್ದು 2002ರಲ್ಲಿ. ನಿಮ್ಮ ಡೇಟಾದಲ್ಲಿ ಈ ಪದವನ್ನು ವರ್ಷವಾರು ಹಾಕಿ ನೋಡಿ, 2002ರ ಹಿಂದೆ ಮುಂದೆ ಹೇಗಿದೆ ಅಂತ. ಇಂಥ ನಾಲ್ಕೈದು ಪದಗಳ ಕಥೆ ಸರಿಯಾಗಿ ಬರೆದರೆ ಬಣ್ಣಬಣ್ಣದ ನಕ್ಷೆ ಇಲ್ಲದಿದ್ದರೂ ನಡೆಯುತ್ತದೆ.

ಈಚಿನ ಪದಗಳು ನಿಮಗೇ ಗೊತ್ತು: ಪ್ಲಾಸ್ಟಿಕ್‌ನಲ್ಲಿರುವ ಬಿಸ್ಫೆನಾಲ್ ಎ, ನ್ಯಾನೊಕಣ, ಮೈಕ್ರೊಪ್ಲಾಸ್ಟಿಕ್, ಸುಲಭಕ್ಕೆ ಕರಗಿಹೋಗದ ಪಿಎಫ್ಎಎಸ್ ರಾಸಾಯನಿಕಗಳು. ಇವುಗಳ ಜೊತೆಗೆ ವಿಧಾನವೂ ಬದಲಾಗುತ್ತಿದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2007ರಲ್ಲಿ ಪ್ರಾಣಿಗಳ ಬದಲು ಮಾನವ ಜೀವಕೋಶ ಮತ್ತು ಕಂಪ್ಯೂಟರ್ ಮಾದರಿ ಬಳಸಿ ಅಂತ ವರದಿ ಕೊಟ್ಟಿತು. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟವನ್ನು ಯುರೋಪ್ 2013ರಲ್ಲಿ ಪೂರ್ತಿ ನಿಲ್ಲಿಸಿತು. ಭಾರತ 2014ರಲ್ಲಿ ಸೌಂದರ್ಯವರ್ಧಕಗಳ ಪ್ರಾಣಿಪರೀಕ್ಷೆ ನಿಷೇಧಿಸಿತು. ಶೀರ್ಷಿಕೆಗಳಲ್ಲಿ ‘ಇನ್ ವಿವೊ’ (ಜೀವಂತ ಪ್ರಾಣಿಯಲ್ಲಿ), ‘ಇನ್ ವಿಟ್ರೊ’ (ಗಾಜಿನ ತಟ್ಟೆಯ ಜೀವಕೋಶದಲ್ಲಿ), ‘ಇನ್ ಸಿಲಿಕೊ’ (ಕಂಪ್ಯೂಟರ್‌ನಲ್ಲಿ) ಮೂರನ್ನೂ ಶೇಕಡಾವಾರು ಹಾಕಿ ನೋಡಿ. ರಾಸಾಯನಿಕಗಳ ಹೆಸರಿಗಿಂತ ಇದು ಹೆಚ್ಚು ಹೇಳುತ್ತದೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ. ಇದು ಶುರುವಾಗಿದ್ದು 1960ರ ದಶಕದಲ್ಲಿ. ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ ತಮ್ಮ ಸೈನ್ಸ್ ಸೈಟೇಷನ್ ಇಂಡೆಕ್ಸ್‌ಗೆ ಯಾವ ಜರ್ನಲ್ ಸೇರಿಸಬೇಕು ಅಂತ ಆರಿಸಲು ಬಳಸಿದ ಅಳತೆ ಇದು. ಒಬ್ಬ ಸಂಶೋಧಕನನ್ನೋ ಒಂದು ಲೇಖನವನ್ನೋ ಅಳೆಯಲು ಮಾಡಿದ್ದಲ್ಲ. ಲೆಕ್ಕ ಸರಳ. 2020ರ ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕಿದ್ದರೆ, 2018 ಮತ್ತು 2019ರಲ್ಲಿ ಜರ್ನಲ್‌ನಲ್ಲಿ ಬಂದದ್ದಕ್ಕೆ 2020ರಲ್ಲಿ ಎಷ್ಟು ಸೈಟೇಷನ್ ಬಂತು ನೋಡುತ್ತಾರೆ. ಅದನ್ನು ಆ ಎರಡು ವರ್ಷದ ಲೇಖನ ಮತ್ತು ವಿಮರ್ಶಾ ಲೇಖನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಸಂಪಾದಕರಿಗೆ ಬರೆದ ಪತ್ರ, ಸಂಪಾದಕೀಯ ಇವು ಕೆಳಗಿನ, ಅಂದರೆ ಭಾಗಿಸುವ ಸಂಖ್ಯೆಯಲ್ಲಿ ಇರುವುದಿಲ್ಲ. ಆದರೆ ಅವುಗಳಿಗೆ ಬಂದ ಸೈಟೇಷನ್, ಅವು ಬೇರೆಯವರಿಗೆ ಕೊಟ್ಟ ಸೈಟೇಷನ್ ಮೇಲಿನ, ಅಂದರೆ ಸೈಟೇಷನ್‌ಗಳ ಸಂಖ್ಯೆಗೆ ಸೇರುತ್ತವೆ. ಈ ಸಣ್ಣ ಅಂಶ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಮ ಜರ್ನಲ್‌ನದು 2020ರಲ್ಲಿ 6ರ ಆಸುಪಾಸಿಗೆ ಹೋಗಿ, ನಂತರ 4ರ ಆಸುಪಾಸಿಗೆ ಇಳಿಯಿತು. ಜರ್ನಲ್ ಒಮ್ಮೆಲೇ ಒಳ್ಳೆಯದಾಗಿ ಆಮೇಲೆ ಕೆಟ್ಟುಹೋಯಿತು ಅಂತಲ್ಲ. ಆ ವರ್ಷದ ಲೆಕ್ಕದಿಂದ, ಸಂಚಿಕೆಗೆ ಸೇರುವ ಮೊದಲೇ ಆನ್‌ಲೈನ್‌ನಲ್ಲಿ ಬಂದ ಲೇಖನಗಳು ಕೊಡುವ ಸೈಟೇಷನ್ನೂ ಎಣಿಕೆಗೆ ಬಂತು. ಜೊತೆಗೆ ಕೋವಿಡ್ ಕಾಲದಲ್ಲಿ ಲೇಖನಗಳ ಪ್ರವಾಹ. ಬಹಳಷ್ಟು ಜರ್ನಲ್‌ಗಳು ಆಗ ಏರಿದವು, ಎರಡು ಮೂರು ವರ್ಷದಲ್ಲಿ ಇಳಿದವು. ಅದಕ್ಕೇ ಬರೀ ಸಂಖ್ಯೆ ಕೊಡಬೇಡಿ. ಆ ವರ್ಷ ವಿಷವಿಜ್ಞಾನದ ಜರ್ನಲ್‌ಗಳ ಪಟ್ಟಿಯಲ್ಲಿ ಇದು ಎಷ್ಟನೇ ಸ್ಥಾನದಲ್ಲಿತ್ತು ಅಂತ ಪಕ್ಕದಲ್ಲಿ ಹಾಕಿ. ಎಲ್ಲರೂ ಒಟ್ಟಿಗೆ ಏರಿದರೆ ಸ್ಥಾನ ಬದಲಾಗುವುದಿಲ್ಲ. 2023ರಿಂದ ಇಂಪ್ಯಾಕ್ಟ್ ಫ್ಯಾಕ್ಟರನ್ನು ಒಂದೇ ದಶಮಾಂಶಕ್ಕೆ ಕೊಡುತ್ತಾರೆ. ನೀವೂ ಮೂರು ದಶಮಾಂಶದ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ. ಹಾಗೇ, ಸ್ಕೋಪಸ್‌ನ ಸೈಟ್‌ಸ್ಕೋರ್ ಬೇರೆ ಅಳತೆ, ಅದು ನಾಲ್ಕು ವರ್ಷದ ಲೆಕ್ಕ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಿರುವ ಡಿಸರ್ಟೇಷನ್‌ಗಳನ್ನು ನೋಡಿ ನೋಡಿ ಸಾಕಾಗಿದೆ.

ವಾಪಸ್ ಪಡೆದ ಲೇಖನ ಅಂದಿರಲ್ಲ, ಅದು ಫ್ರಾನ್ಸಿನ ಸೆರಾಲಿನಿ ತಂಡದ್ದಿರಬೇಕು. ಆ ಲೇಖನ ಬಂದದ್ದು 2012ರ ಸೆಪ್ಟೆಂಬರ್‌ನಲ್ಲಿ. ಕುಲಾಂತರಿ ಮೆಕ್ಕೆಜೋಳ ಎನ್‌ಕೆ603 ಮತ್ತು ರೌಂಡಪ್ ಕಳೆನಾಶಕವನ್ನು 200 ಇಲಿಗಳಿಗೆ ಎರಡು ವರ್ಷ ಕೊಟ್ಟು ನೋಡಿದ ಅಧ್ಯಯನ. ಇಲಿಗಳಿಗೆ ದೊಡ್ಡ ಗಡ್ಡೆಗಳಾದವು ಅಂತ ತೋರಿಸಿದರು, ಚಿತ್ರಗಳು ಜಗತ್ತೆಲ್ಲ ಸುತ್ತಿದವು. ಟೀಕೆಯೂ ಅಷ್ಟೇ ಜೋರಾಗಿ ಬಂತು. ಒಂದೊಂದು ಗುಂಪಿನಲ್ಲಿ ಗಂಡು 10, ಹೆಣ್ಣು 10 ಮಾತ್ರ. ಬಳಸಿದ ಸ್ಪ್ರಾಗ್ ಡಾಲಿ ತಳಿಯ ಇಲಿಗಳಿಗೆ ವಯಸ್ಸಾದಂತೆ ತಾನಾಗಿಯೇ ಗಡ್ಡೆ ಬರುವುದು ಸಾಮಾನ್ಯ. 2013ರ ನವೆಂಬರ್‌ನಲ್ಲಿ ಸಂಪಾದಕ ವಾಲೆಸ್ ಹೇಯ್ಸ್ ಲೇಖನ ವಾಪಸ್ ತೆಗೆದುಕೊಂಡರು. ಮೋಸ ಏನೂ ಕಂಡಿಲ್ಲ, ಆದರೆ ಫಲಿತಾಂಶದಿಂದ ಖಚಿತವಾಗಿ ಏನೂ ಹೇಳಲಾಗುವುದಿಲ್ಲ ಎಂಬುದು ಕೊಟ್ಟ ಕಾರಣ. ಬರೀ ಇಷ್ಟಕ್ಕೆ ಲೇಖನ ತೆಗೆಯಬಹುದಾ ಅಂತ ಇನ್ನೊಂದು ಜಗಳ ಶುರುವಾಯಿತು. 2014ರ ಜೂನ್‌ನಲ್ಲಿ ‘ಎನ್ವಿರಾನ್‌ಮೆಂಟಲ್ ಸೈನ್ಸಸ್ ಯುರೋಪ್’ ಜರ್ನಲ್ ಅದನ್ನು ಮತ್ತೆ ಪ್ರಕಟಿಸಿತು.

ಇದರಲ್ಲಿ ನಿಮಗೆ ಬೇಕಾದ್ದು ಮೂರು ವಿಷಯ. ಈ ಲೇಖನವನ್ನು ಟೀಕಿಸಿ ಅದೇ ಜರ್ನಲ್‌ಗೆ ಹಲವು ಪತ್ರಗಳು ಬಂದವು. ಒಂದೊಂದು ಪತ್ರವೂ ಮೂಲ ಲೇಖನಕ್ಕೆ ಒಂದು ಸೈಟೇಷನ್. ಪತ್ರಗಳು ಭಾಗಿಸುವ ಸಂಖ್ಯೆಯಲ್ಲಿ ಇಲ್ಲ ಅಂತ ಆಗಲೇ ಹೇಳಿದೆ. ಅಂದರೆ ಬೈಗುಳವೂ ಇಂಪ್ಯಾಕ್ಟ್ ಫ್ಯಾಕ್ಟರನ್ನು ಏರಿಸುತ್ತದೆ. ಎರಡನೆಯದು, ಮರುಪ್ರಕಟಣೆಯಿಂದ ಒಂದೇ ಅಧ್ಯಯನ ಎರಡು ದಾಖಲೆಯಾಗಿದೆ, ಸೈಟೇಷನ್ ಹಂಚಿಹೋಗಿದೆ. ಮೂರನೆಯದು, ವಾಪಸ್ ಪಡೆದ ಮೇಲೆ ಬಂದ ಸೈಟೇಷನ್‌ಗಳಲ್ಲಿ ಎಷ್ಟೋ ಲೇಖನಗಳು ಈ ವಿವಾದವನ್ನೇ ಚರ್ಚಿಸುವಂಥವು, ಇನ್ನು ಕೆಲವು ಅದನ್ನು ಸಾಕ್ಷಿಯಾಗಿ ಬಳಸುವಂಥವು. ಇವನ್ನು ಸಾಫ್ಟ್‌ವೇರ್ ಬೇರೆ ಮಾಡಿ ಕೊಡುವುದಿಲ್ಲ. ಐವತ್ತು ಲೇಖನ ಆರಿಸಿಕೊಂಡು, ಸೈಟೇಷನ್ ಇರುವ ಆ ಒಂದು ವಾಕ್ಯವನ್ನಷ್ಟೇ ಓದಿ, ಒಪ್ಪಿದ್ದು, ಟೀಕಿಸಿದ್ದು, ಸುಮ್ಮನೆ ಹೆಸರಿಸಿದ್ದು ಅಂತ ಮೂರು ಗುಂಪು ಮಾಡಿ. ಒಂದು ವಾರದ ಕೆಲಸ. ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಲ್ಲಿ 2025ರಿಂದ ವಾಪಸ್ ಪಡೆದ ಲೇಖನಗಳಿಗೆ ಬಂದ, ಅವುಗಳಿಂದ ಹೋದ ಸೈಟೇಷನ್‌ಗಳನ್ನು ಮೇಲಿನ ಸಂಖ್ಯೆಯಿಂದ ಕೈಬಿಟ್ಟಿದ್ದಾರೆ. ಹಳೆಯ ವರ್ಷಗಳ ಅಂಕಿ ಜೊತೆ ಹೋಲಿಸುವಾಗ ಇದನ್ನೂ ಒಂದು ಸಾಲಿನಲ್ಲಿ ಹೇಳಿ.

ಸೆರಾಲಿನಿ ಕಥೆ ಕೇಳಿ ‘ಉದ್ಯಮದ ವಿರುದ್ಧ ಬರೆದವರದ್ದು ಮಾತ್ರ ತೆಗೆಯುತ್ತಾರೆ’ ಅನ್ನುವವರಿದ್ದಾರೆ. ಎದುರು ದಿಕ್ಕಿನ ಉದಾಹರಣೆಯೂ ಇದೆ. ‘ರೆಗ್ಯುಲೇಟರಿ ಟಾಕ್ಸಿಕಾಲಜಿ ಅಂಡ್ ಫಾರ್ಮಕಾಲಜಿ’ ಎಂಬ ನೆರೆಯ ಜರ್ನಲ್‌ನಲ್ಲಿ 2000ರಲ್ಲಿ ಒಂದು ವಿಮರ್ಶಾ ಲೇಖನ ಬಂತು. ರೌಂಡಪ್ ಮತ್ತು ಅದರೊಳಗಿನ ಗ್ಲೈಫೊಸೇಟ್ ಮನುಷ್ಯರಿಗೆ ಸುರಕ್ಷಿತ ಎಂಬುದು ಅದರ ತೀರ್ಮಾನ. ಗ್ಲೈಫೊಸೇಟ್ ಬಗ್ಗೆ ಬಂದ ಬರಹಗಳಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವುಗಳ ಸಾಲಿಗೆ ಅದು ಸೇರಿತು. 2017ರಲ್ಲಿ ಅಮೆರಿಕದ ಕೋರ್ಟು ಮೊಕದ್ದಮೆಗಳಲ್ಲಿ ಮಾನ್ಸಾಂಟೊ ಕಂಪನಿಯ ಒಳಗಿನ ಇಮೇಲ್‌ಗಳು ಹೊರಬಂದವು. ಲೇಖನ ಬರೆಯುವುದರಲ್ಲಿ ಕಂಪನಿಯವರ ಕೈ ಇತ್ತು ಎಂಬ ಅನುಮಾನ ಅವುಗಳಿಂದ ಹುಟ್ಟಿತು. ಲೇಖನ ವಾಪಸ್ ಆಗಿದ್ದು 2025ರ ಕೊನೆಯಲ್ಲಿ. ಕಾಲು ಶತಮಾನ ಅದು ಸೈಟೇಷನ್ ಗಳಿಸುತ್ತಲೇ ಇತ್ತು. ‘ಹೆಚ್ಚು ಸೈಟೇಷನ್ ಅಂದರೆ ಉತ್ತಮ’ ಅಂತ ಬರೆಯಬೇಡಿ ಅಂದದ್ದು ಇದಕ್ಕೇ.

ನಿಮ್ಮ ‘ಟಾಪ್ ಟೆನ್’ ಪಟ್ಟಿಯನ್ನು ನೋಡಿದರೆ ಅದರಲ್ಲಿ ಸಾರಭೂತ ತೈಲಗಳ ಜೈವಿಕ ಪರಿಣಾಮಗಳ ಬಗ್ಗೆ 2008ರಲ್ಲಿ ಬಕ್ಕಾಲಿ ಮತ್ತು ಸಂಗಡಿಗರು ಬರೆದ ವಿಮರ್ಶೆ ಇರಲೇಬೇಕು. ಅದಕ್ಕೆ ಸಾವಿರಗಟ್ಟಲೆ ಸೈಟೇಷನ್ ಇದೆ. ಹೊಸ ಪ್ರಯೋಗ ಮಾಡಿದ್ದಕ್ಕೆ ಬಂದದ್ದಲ್ಲ. ಲವಂಗ, ತುಳಸಿ, ನೀಲಗಿರಿ ಯಾವ ಎಣ್ಣೆಯ ಮೇಲೆ ಯಾರು ಲೇಖನ ಬರೆದರೂ ಮೊದಲ ಪ್ಯಾರಾದಲ್ಲಿ ಒಂದು ಹಿನ್ನೆಲೆ ವಾಕ್ಯ ಬೇಕು, ಆ ವಾಕ್ಯಕ್ಕೆ ಈ ವಿಮರ್ಶೆ ಸಿಗುತ್ತದೆ. ವಿಮರ್ಶಾ ಲೇಖನ, ಪರೀಕ್ಷಾ ವಿಧಾನ ಹೇಳುವ ಲೇಖನ, ಇವೆರಡೂ ಎಲ್ಲ ಕಡೆ ಮೇಲಿರುತ್ತವೆ. ಇವನ್ನು ಮೂಲ ಸಂಶೋಧನೆಯ ಜೊತೆ ಒಂದೇ ಪಟ್ಟಿಯಲ್ಲಿ ಹಾಕಬೇಡಿ.

ಇದಕ್ಕೆ ನಮ್ಮಲ್ಲೇ ಒಂದು ಅಚ್ಚರಿಯ ಉದಾಹರಣೆ ಇದೆ. ಭಾರ ಲೋಹಗಳ ವಿಷತ್ವದ ಬಗ್ಗೆ ಬೆಂಗಳೂರಿನ ಸಪ್ತಗಿರಿ ಇಂಜಿನಿಯರಿಂಗ್ ಕಾಲೇಜಿನ ಬಯೋಟೆಕ್ನಾಲಜಿ ವಿಭಾಗದವರು 2014ರಲ್ಲಿ ಒಂದು ವಿಮರ್ಶೆ ಬರೆದರು. ಬಂದದ್ದು ‘ಇಂಟರ್‌ಡಿಸಿಪ್ಲಿನರಿ ಟಾಕ್ಸಿಕಾಲಜಿ’ ಎಂಬ ಸ್ಲೊವಾಕಿಯಾದ ಪುಟ್ಟ ಜರ್ನಲ್‌ನಲ್ಲಿ. ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ದೇಹದಲ್ಲಿ ಏನು ಮಾಡುತ್ತವೆ ಅಂತ ಸರಳವಾಗಿ, ಚಿತ್ರಗಳ ಸಮೇತ ಹೇಳಿದ ಲೇಖನ. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಿತ್ತು. ಅದಕ್ಕೂ ಸಾವಿರಾರು ಸೈಟೇಷನ್. ದೊಡ್ಡ ಲ್ಯಾಬು, ದೊಡ್ಡ ಹೆಸರಿನ ಜರ್ನಲ್ ಯಾವುದೂ ಇಲ್ಲ. ಅದರಲ್ಲಿ ಬಹುಪಾಲು ಬಂದದ್ದು 2016ರ ನಂತರ, ಅಂದರೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಣಿಸುವ ಎರಡು ವರ್ಷದ ಕಿಟಕಿ ಮುಚ್ಚಿದ ಮೇಲೆ. ವಿಷವಿಜ್ಞಾನ ನಿಧಾನದ ಕ್ಷೇತ್ರ, ಎರಡು ವರ್ಷ ಅದಕ್ಕೆ ಸಾಲದು. ಐದು ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಪ್ರಕಟವಾಗುತ್ತದೆ, ಅದನ್ನು ಬಳಸಿ.

ಒಂದೇ ಲೇಖನ ಜರ್ನಲ್‌ನ ಅಂಕಿಯನ್ನು ಎಷ್ಟು ಅಲುಗಾಡಿಸಬಹುದು ಎಂಬುದಕ್ಕೆ ವಿಷವಿಜ್ಞಾನದ ಹೊರಗಿನ ಒಂದು ದಾಖಲೆ ಇದೆ. ‘ಆಕ್ಟ ಕ್ರಿಸ್ಟಲೊಗ್ರಾಫಿಕಾ ಎ’ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2008ರಲ್ಲಿ 2.051 ಇದ್ದದ್ದು 2009ರಲ್ಲಿ 49.926 ಆಯಿತು. ಜಾರ್ಜ್ ಶೆಲ್ಡ್ರಿಕ್ ತಮ್ಮ ಸಾಫ್ಟ್‌ವೇರ್ ಬಗ್ಗೆ ಬರೆದ ಒಂದೇ ಲೇಖನ ಅದಕ್ಕೆ ಕಾರಣ. ಊರಿನ ಒಬ್ಬ ಸಾಹುಕಾರನನ್ನೂ ಸೇರಿಸಿ ಎಲ್ಲರ ಸರಾಸರಿ ಆದಾಯ ತೆಗೆದ ಹಾಗೆ. ಆದ್ದರಿಂದ ‘ಸರಾಸರಿ ಸೈಟೇಷನ್’ ಕೋಷ್ಟಕದ ಜೊತೆಗೆ ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ಸರಿಯಾಗಿ ನಡುವೆ ಬರುವ ಸಂಖ್ಯೆ) ಕೊಡಿ, ಒಂದೂ ಸೈಟೇಷನ್ ಬಾರದ ಲೇಖನಗಳ ಶೇಕಡಾವಾರನ್ನೂ ಕೊಡಿ. 1995ರ ಲೇಖನವನ್ನು 2022ರದ್ದರ ಜೊತೆ ಹೋಲಿಸಬೇಕಾದರೆ ಪ್ರಕಟವಾದ ಮೊದಲ ಐದು ವರ್ಷದ ಸೈಟೇಷನ್ ಮಾತ್ರ ಎಣಿಸಿ. 2022ರದ್ದಕ್ಕೆ ಇನ್ನೂ ಐದು ವರ್ಷ ತುಂಬಿಲ್ಲದಿದ್ದರೆ ಅದನ್ನು ಬಿಟ್ಟುಬಿಡಿ.

ಎಣಿಕೆಗೆ ಸಿಗದ ಬಳಕೆಯ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಆಹಾರದ ಬಣ್ಣವೋ ಸಂರಕ್ಷಕವೋ ದಿನಕ್ಕೆ ಎಷ್ಟು ತಿಂದರೆ ಸುರಕ್ಷಿತ ಅಂತ ಹೇಳುವುದು ಜೆಕ್ಫಾ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಈ ಜಂಟಿ ತಜ್ಞರ ಸಮಿತಿ 1956ರಿಂದ ಕೆಲಸ ಮಾಡುತ್ತಿದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನಂಥ ಸಂಸ್ಥೆಗಳು ನಿಯಮ ಮಾಡುವಾಗ ಇಂಥ ಮೌಲ್ಯಮಾಪನಗಳನ್ನು ನೋಡುತ್ತವೆ. ಜೆಕ್ಫಾದ ಮಾನೋಗ್ರಾಫ್‌ಗಳ ಕೊನೆಯಲ್ಲಿ ನಿಮ್ಮ ಜರ್ನಲ್‌ನ ಹಳೆಯ ಲೇಖನಗಳು ಸಾಲುಸಾಲಾಗಿ ಇರುತ್ತವೆ. ಆದರೆ ಅವು ಸಾಮಾನ್ಯವಾಗಿ ಸ್ಕೋಪಸ್‌ನ ಎಣಿಕೆಗೆ ಬರುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯದು ಬೇರೆ. ಅದು ತನ್ನ ಅಭಿಪ್ರಾಯಗಳನ್ನು ತನ್ನದೇ ಜರ್ನಲ್‌ನಲ್ಲಿ ಹಾಕುತ್ತದೆ, ಆದ್ದರಿಂದ ಎಣಿಕೆಗೆ ಸಿಗುತ್ತದೆ. ಅಂದರೆ ಒಂದೇ ಬಗೆಯ ಬಳಕೆ ಯುರೋಪಿನ ಆ ಸಂಸ್ಥೆಯಲ್ಲಾದರೆ ಸೈಟೇಷನ್, ಜೆಕ್ಫಾದಲ್ಲಾದರೆ ಸೊನ್ನೆ! ಮೇಲೆ ಹೇಳಿದ ಸುಗಂಧದ ವರದಿಗಳೂ ಹಾಗೇ. ಸಂಶೋಧಕರು ಹೆಚ್ಚು ಉಲ್ಲೇಖಿಸದಿದ್ದರೂ ಸೋಪಿಗೆ ಎಷ್ಟು, ಶಾಂಪೂಗೆ ಎಷ್ಟು ಹಾಕಬಹುದು ಅಂತ ಸುಗಂಧ ಉದ್ಯಮ ಮಿತಿ ಹಾಕಿಕೊಳ್ಳುವುದು ಇವುಗಳ ಆಧಾರದ ಮೇಲೆ. ಉದ್ಯಮವೇ ಹಣ ಕೊಟ್ಟು ತನ್ನ ವಸ್ತುವನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದರೆ ಅದು ಸೈಟೇಷನ್ ಸಂಖ್ಯೆಯಿಂದ ಬಗೆಹರಿಯುವ ಪ್ರಶ್ನೆ ಅಲ್ಲ.

ನೀವು ಮಾಡಬಹುದಾದ ಸಣ್ಣ ಕೆಲಸ: ನಿಮ್ಮ ಪಟ್ಟಿಯಿಂದ ಕಡಿಮೆ ಸೈಟೇಷನ್ ಇರುವ ಹತ್ತು ಹಳೆಯ ಲೇಖನ ಆರಿಸಿ, ಯಾವುದಾದರೂ ಆಹಾರದ ಬಣ್ಣದವು ಇರಲಿ. ಜೆಕ್ಫಾ ಮಾನೋಗ್ರಾಫ್‌ಗಳು ಉಚಿತವಾಗಿ ಸಿಗುತ್ತವೆ, ಅವುಗಳಲ್ಲಿ ಈ ಲೇಖನಗಳನ್ನು ಹುಡುಕಿ.

ಸಂಸ್ಥೆವಾರು ಕೋಷ್ಟಕದಲ್ಲಿ ಒಂದು ಎಚ್ಚರ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಿಮ್ಮ ಡೇಟಾದಲ್ಲಿ ಮೂರು ನಾಲ್ಕು ರೂಪದಲ್ಲಿ ಇರಬಹುದು. ಪೂರ್ತಿ ಹೆಸರು, ಚಿಕ್ಕ ಹೆಸರು, ಹೆಸರಿನ ಮೊದಲಿಗೆ ಮಾತೃಸಂಸ್ಥೆ ಸಿಎಸ್‌ಐಆರ್ ಸೇರಿದ್ದು. ಊರಿನ ಹೆಸರೂ ಎರಡು, 2014ರ ನವೆಂಬರ್‌ಗೆ ಮೊದಲು ಮೈಸೋರ್, ಬ್ಯಾಂಗಲೋರ್, ಆಮೇಲೆ ಮೈಸೂರು, ಬೆಂಗಳೂರು. ಲಖನೌದ ವಿಷವಿಜ್ಞಾನ ಸಂಸ್ಥೆ ಐಐಟಿಆರ್ ಹಿಂದೆ ಐಟಿಆರ್‌ಸಿ ಆಗಿತ್ತು. ಇವನ್ನು ಒಂದುಗೂಡಿಸದೆ ಪಟ್ಟಿ ಹಾಕಿದರೆ ಭಾರತದ ಸಂಸ್ಥೆಗಳು ಇರುವುದಕ್ಕಿಂತ ಕೆಳಗೆ ಕಾಣುತ್ತವೆ.

ಒಂದು ವಿಷಯದ ಲೇಖನಗಳು ಕೆಲವೇ ಜರ್ನಲ್‌ಗಳಲ್ಲಿ ಹೆಚ್ಚಾಗಿ ಸೇರಿರುತ್ತವೆ, ಉಳಿದವು ಬಹಳ ಕಡೆ ಚದುರಿರುತ್ತವೆ ಎಂಬ ಬ್ರಾಡ್‌ಫರ್ಡ್ ನಿಯಮದ ಅಧ್ಯಾಯ ಬೇಕೇ ಬೇಕು ಅಂತ ಗೈಡ್ ಹೇಳಿದರೆ, ಈ ಜರ್ನಲ್ ಯಾವ ಯಾವ ಜರ್ನಲ್‌ಗಳನ್ನು ಉಲ್ಲೇಖಿಸುತ್ತದೆ ಎಂಬುದಕ್ಕೆ ಅದನ್ನು ಹಾಕಿ. ಅಧ್ಯಯನವೇ ಒಂದು ಜರ್ನಲ್‌ನದ್ದಾದಾಗ ಲೇಖನಗಳು ಎಷ್ಟು ಜರ್ನಲ್‌ಗಳಲ್ಲಿ ಚದುರಿವೆ ಅಂತ ಅಳೆಯುವುದರಲ್ಲಿ ಅರ್ಥವಿಲ್ಲ.

ಸ್ಕೋಪಸ್ ಇಲ್ಲದ್ದಕ್ಕೆ ಚಿಂತೆ ಬೇಡ. ಓಪನ್‌ಅಲೆಕ್ಸ್ ಎಂಬ ಉಚಿತ ಡೇಟಾಬೇಸ್ 2022ರಿಂದ ಇದೆ, ವಿಒಎಸ್‌ವ್ಯೂವರ್ ಅದರಿಂದ ನೇರವಾಗಿ ಡೇಟಾ ತೆಗೆದುಕೊಳ್ಳುತ್ತದೆ. ಸಂಸ್ಥೆಗಳ ಹೆಸರಿನಲ್ಲಿ, ಲೇಖನದ ಬಗೆಯಲ್ಲಿ ಅದರ ತಪ್ಪು ಸ್ವಲ್ಪ ಜಾಸ್ತಿ. ಆದರೆ ನಿಮ್ಮ ಪರೀಕ್ಷಕರು ಅದೇ ಡೇಟಾ ಇಳಿಸಿಕೊಂಡು ಲೆಕ್ಕ ಪರೀಕ್ಷಿಸಬಹುದು, ಸ್ನೇಹಿತೆಯಿಂದ ತಂದ ಫೈಲ್‌ನಲ್ಲಿ ಅದು ಆಗುವುದಿಲ್ಲ. ಲೇಖನಗಳನ್ನು ತೆರೆದು ಓದಲು ‘ಒಂದು ದೇಶ ಒಂದು ಚಂದಾ’ ಯೋಜನೆ 2025ರಿಂದ ಜಾರಿಯಲ್ಲಿದೆ, ಈ ಜರ್ನಲ್ ಹೊರತರುವ ಎಲ್ಸೆವಿಯರ್ ಕೂಡ ಅದರಲ್ಲಿದೆ. ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವಾದರೆ ಲಾಗಿನ್ ಬಗ್ಗೆ ಲೈಬ್ರರಿಯವರನ್ನು ಕೇಳಿ. ಎರಡು ಡೇಟಾಬೇಸ್‌ನ ಸೈಟೇಷನ್ ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ಮಾತ್ರ ಬೆರೆಸಬೇಡಿ. ಡೇಟಾ ಇಳಿಸಿದ ದಿನಾಂಕವನ್ನು ಪ್ರತಿ ಕೋಷ್ಟಕದ ಕೆಳಗೆ ಬರೆಯಿರಿ.